ಬಾವಿಗೆ ಹೇಳಿದ ಮಾತು

ಕುಚ್ಚಲಕ್ಕಿ ಅನ್ನ ಬಸಿಯುತ್ತಿದ್ದೆ. ಪಾತ್ರೆಗೆ ಮುಚ್ಚಳ ಒತ್ತಿ, ಎರಡೂ ಕೈಯಲ್ಲಿ ಮಸಿಬಟ್ಟೆ ಹಿಡಿದು, ಸಿಂಕಿನ ಮೇಲೆ ಬಗ್ಗಿಸಿ ನಿಂತಿದ್ದೆ. ಅಷ್ಟರಲ್ಲಿ ಮಗಳು ಒಳಕೋಣೆಯಿಂದ ಓಡಿ ಬಂದಳು. ಅವತ್ತು ಅವಳಿಗೆ ರಜೆ.

"ಅಮ್ಮ, ಕೆನಡಾದಿಂದ ಮೇಲ್ ಬಂತು! ನಾಳೆ ಸಂಜೆ ಪ್ರೊಫೆಸರ್‌ಗಳು ಕಂಪ್ಯೂಟರಲ್ಲಿ ನನ್ನ ಇಂಟರ್‌ವ್ಯೂ ಮಾಡ್ತಾರಂತೆ."

"ದೇವರು ದೊಡ್ಡವನು," ಅಂದೆ.

"ಅರೆ, ಸುನ್ ತೋ, ಕೇಳಿಲ್ಲಿ! ನಿನ್ನ ಹಾಡಿನ ಕೊನೇ ಸಾಲಿನ ಬಗ್ಗೇನೇ ಕೇಳ್ಬೇಕಂತೆ ಅವರಿಗೆ. ನಿನ್ನ ಸಾಲು, ಅಮ್ಮ!"

ಬಿಸಿ ಗಂಜಿತಿಳಿ ಕಾಲಿನ ಮೇಲೆ ಚೆಲ್ಲಿತು. ಅವಳೇ ಪಾತ್ರೆ ಕಸಿದುಕೊಂಡು ಕಟ್ಟೆಯ ಮೇಲಿಟ್ಟು, ನನ್ನ ಕಾಲಿಗೆ ತಣ್ಣೀರು ಸುರಿದಳು. ಬೊಬ್ಬೆ ಏಳಲಿಲ್ಲ, ಅದೊಂದು ದಯೆ. ಆದರೆ ಆ ಸಾಲು ನಮ್ಮ ಹಾಡಿನದೇ ಅಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ನಾವು ಉಡುಪಿ ಕಡೆಯವರು. ನನ್ನ ಯಜಮಾನರು ಠಾಣೆ ಶಹರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ಮನೆ ಡೊಂಬಿವಲಿಯಲ್ಲಿ. ನಾನು ಓದಿದ್ದು ಹತ್ತನೆಯ ತನಕ. ಮಗಳು ಎಂ.ಎ. ಮುಗಿಸಿ ಮಹಾಪೆಯ ಒಂದು ಆಫೀಸಿಗೆ ಹೋಗುತ್ತಲೇ ಹೊರದೇಶದಲ್ಲಿ ಪಿಎಚ್.ಡಿ. ಮಾಡಲು ಅರ್ಜಿ ಹಾಕಿದ್ದಳು. ತೌಲನಿಕ ಸಾಹಿತ್ಯವಂತೆ. ಬೇರೆ ಬೇರೆ ಭಾಷೆಯ ಕಥೆ, ಹಾಡು ಪಕ್ಕಪಕ್ಕ ಇಟ್ಟು ನೋಡುವ ಓದು. ಇಂಗ್ಲಿಷಿನಲ್ಲೇ ಎಂ.ಎ. ಮಾಡಿದವಳು, ತನಗೆ ಇಂಗ್ಲಿಷ್ ಬರುತ್ತದೆ ಎಂದು ತೋರಿಸಲು ಇನ್ನೊಂದು ಪರೀಕ್ಷೆ ಬರೆದಳು. ಅಂಕಪಟ್ಟಿಯನ್ನು ಲಕೋಟೆಯಲ್ಲಿಟ್ಟು ಮೊಹರು ಹಾಕಿಸಲು ಮೂರು ಸಲ ಟ್ರೈನ್ ಹತ್ತಿ ಯೂನಿವರ್ಸಿಟಿಗೆ ಅಲೆದಳು. ಮೂರನೇ ಸಲವಾದರೂ ಕೊಟ್ಟರಲ್ಲ ಎಂದು ನಾನು ದೇವರಿಗೆ ಒಂದು ತುಪ್ಪದ ದೀಪ ಹಚ್ಚಿದೆ.

ಅರ್ಜಿಯ ಜೊತೆ ತಾನೇ ಬರೆದ ಒಂದು ದೊಡ್ಡ ಪ್ರಬಂಧ ಕಳಿಸಬೇಕಿತ್ತು. ಅದಕ್ಕಾಗಿ ನನ್ನ ಅಮ್ಮ ಭತ್ತ ಕುಟ್ಟುವಾಗ ಹೇಳುತ್ತಿದ್ದ ಒಂದು ತುಳು ಹಾಡನ್ನು ನನ್ನಿಂದ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಮದುವೆಯಾಗಿ ಹೊರಟ ಹುಡುಗಿ ಹೋಗಿಬರುತ್ತೇನೆ ಎಂದು ಅಂಗಳಕ್ಕೆ ಹೇಳಿ, ಹಟ್ಟಿಯ ದನಕ್ಕೆ ಹೇಳಿ, ಕೊನೆಗೆ ಬಾವಿಕಟ್ಟೆಗೆ ಬರುತ್ತಾಳೆ. ಅಲ್ಲಿಗೆ ನನ್ನ ಹಾಡು ನಿಂತುಹೋಯಿತು.

"ಮತ್ತೆ? ಬಾವಿಗೆ ಏನು ಹೇಳಿದ್ಳು?"

ಮರೆತಿದೆ ಅನ್ನಬಹುದಿತ್ತು. ಅಮ್ಮ ನೂರು ಸಲ ಹೇಳಿದ ಹಾಡು. ಅಷ್ಟು ಓದಿದ ಮಗಳ ಮುಂದೆ ಮರೆತೆ ಅನ್ನಲು ನಾಚಿಕೆಯಾಯಿತು. ಎದುರು ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಟೆರೇಸಿನಲ್ಲಿ ಹಪ್ಪಳ ಒಣಗಿಸುವಾಗ ಗುನುಗುವ ಒಂದು ಹಾಡಿತ್ತು. ಅದರಲ್ಲೂ ಹುಡುಗಿಯೊಬ್ಬಳು ಬಾವಿಗೆ ಹೇಳುತ್ತಾಳೆ: ನನ್ನ ಪಾಲಿನ ಒಂದು ಕೊಡ ನೀರು ತೆಗೆದಿಡು, ಬೇಸಗೆಗೆ ಬರುತ್ತೇನೆ. ಅದನ್ನೇ ತುಳುವಿಗೆ ತಿರುಗಿಸಿ ನಮ್ಮ ರಾಗಕ್ಕೆ ಕೂರಿಸಿದೆ. ಚೆನ್ನಾಗಿಯೇ ಕೂತಿತು.

ಎರಡು ವಾರ ಬಿಟ್ಟು ಮಗಳು ಕಾಕುವಿನ ಹಾಡನ್ನೂ ರೆಕಾರ್ಡ್ ಮಾಡಿದಳು. ಚಪ್ಪಲಿಯೂ ಇಲ್ಲದೆ ಓಡಿ ಬಂದು, "ಅಮ್ಮ, ಅದೇ ಬಾವಿ, ಅದೇ ಕೊಡ! ಭಾಷೆ ಬೇರೆ, ಊರು ಬೇರೆ, ಮಾತು ಒಂದೇ!" ಎಂದು ನನ್ನನ್ನು ಅಪ್ಪಿಕೊಂಡಳು. ನಾನು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. ಬಾಯಿ ಬಿಡಬೇಕಾದದ್ದು ಆಗ. ಸೊಪ್ಪು ಬಿಡಿಸುತ್ತಲೇ ಇದ್ದೆ. ಅವಳು ಆ ಒಂದು ಕೊಡ ನೀರಿನ ಮೇಲೆ ಇಪ್ಪತ್ತು ಪುಟ ಬರೆದಳು. ನಾನು ದಿನಾ ದೀಪ ಹಚ್ಚಿ, ಅವಳಿಗೆ ಸೀಟು ಸಿಗಲಿ ಎಂದು ಬೇಡಿಕೊಂಡೆ. ಸಾಲಿನ ಸುದ್ದಿಯನ್ನು ಮಾತ್ರ ದೇವರ ಮುಂದೆಯೂ ಎತ್ತಲಿಲ್ಲ, ಅವನಿಗೆ ಗೊತ್ತೇ ಇಲ್ಲ ಎಂಬಂತೆ.

ಈಗ ಒದ್ದೆ ಕಾಲಲ್ಲೇ ನಿಂತು ಹೇಳಿದೆ: "ಆ ಸಾಲು ಕಾಕುವಿನದು ಮಗಾ. ನಾನು ಸೇರಿಸಿದ್ದು."

"ಮಜಾಕ್ ಬೇಡ ಅಮ್ಮ," ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. "ಇಷ್ಟು ತಿಂಗಳು ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷಿಯಲ್ಲಿದ್ದಿ."

"ಖುಷೀನಾ? ನಾಳೆ ಅವರಿಗೆ ಏನು ಹೇಳ್ಲಿ? ನಮ್ಮಮ್ಮ ಕಾಪಿ ಹೊಡೆದ್ಳು ಅಂತಲಾ?"

"ಹಾಗೇ ಹೇಳು."

ಗಲಾಟೆ ಕೇಳಿ ಕಾಕು ಬಾಗಿಲಿಗೆ ಬಂದರು. ಮಗಳು ಮರಾಠಿಯಲ್ಲಿ ಎಲ್ಲ ಒದರಿದಳು. ಕಾಕು ನನ್ನ ಕಡೆ ತಿರುಗಿ, "ಅಗಂ, ಕದಿಯೋದು ಯಾಕೆ? ಕೇಳಿದ್ದರೆ ಇನ್ನೂ ನಾಲ್ಕು ಸಾಲು ಕೊಡ್ತಿದ್ದೆನಲ್ಲ!" ಎಂದು ತಮ್ಮ ಮರಾಠಿಯಲ್ಲೇ ನಕ್ಕರು. ನಾವಿಬ್ಬರೂ ನಗದಿದ್ದುದನ್ನು ಕಂಡು ಮೆಲ್ಲನೆ ಹೊರಟುಹೋದರು.

"ಹಾಗಾದ್ರೆ ಅಜ್ಜಿ ಹಾಡ್ತಿದ್ದದ್ದು ಏನು?" ಎಂದು ಮಗಳು ಕೇಳಿದಳು.

"ಗೊತ್ತಿಲ್ಲ."

"ಯಾರಿಗಾದ್ರೂ ಗೊತ್ತಿರುತ್ತಾ?"

ಅಮ್ಮ ಹೋಗಿ ವರ್ಷಗಳಾಗಿವೆ. ಚಿಕ್ಕಮ್ಮನೂ ಹೋದರು. ನೆನಪಿಟ್ಟುಕೊಳ್ಳಬೇಕಾಗಿದ್ದವಳು ನಾನೊಬ್ಬಳೇ. ಇಲ್ಲವೆಂದು ತಲೆಯಾಡಿಸಿದೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಒಳಗೆ ಹೋಗಿ ಪ್ರೊಫೆಸರ್‌ಗಳಿಗೆ ಮೇಲ್ ಬರೆದು, ನನ್ನನ್ನು ಕರೆದು, ಅದರ ಅರ್ಥ ಬಿಡಿಸಿ ಹೇಳಿದಳು: ನನ್ನ ತಾಯಿಗೆ ಕೊನೆಯ ಸಾಲು ಮರೆತಿತ್ತು, ನೆರೆಮನೆಯವರ ಸಾಲನ್ನು ಸೇರಿಸಿ ಹಾಡಿದರು, ನನಗೆ ಇವತ್ತು ತಿಳಿಯಿತು.

"ಸರಿ ಇದೆಯಾ?"

"ಇದೆ," ಅಂದೆ. ಅವಳು ಕಳಿಸಿಬಿಟ್ಟಳು.

ಇಂಟರ್‌ವ್ಯೂ ಏನೋ ನಡೆಯಿತು, ಸೀಟು ಸಿಗಲಿಲ್ಲ. ಕಾರಣ ಅವರು ಬರೆಯಲಿಲ್ಲ. ನಿನ್ನಿಂದಲ್ಲ ಅಮ್ಮ ಎಂದು ಮಗಳು ಹೇಳಿದಳು, ಒಂದೇ ಸಲ. ಮರುವರ್ಷ ಬೇರೆ ಪ್ರಬಂಧ ಬರೆದು ಬೇರೆ ಕಡೆ ಸೇರಿದಳು. ಅದು ದೇವರ ದಯೆ, ಇಲ್ಲವೆನ್ನುವುದಿಲ್ಲ. ಆದರೆ ನಡುವಿನ ಆ ಒಂದು ವರ್ಷ ಬೆಳಗಾದರೆ ಅವಳು ಮಹಾಪೆಯ ಬಸ್ಸಿಗೆ ಓಡುವುದನ್ನು ಕಿಟಕಿಯಿಂದ ನೋಡುತ್ತಿದ್ದವಳು ನಾನು. ಆಮೇಲೆ ಅವಳು ಯಾವ ಹಾಡಿಗೂ ನನ್ನ ಮುಂದೆ ಫೋನ್ ಹಿಡಿಯಲಿಲ್ಲ.

ಆ ಮೇಲ್ ಕಳಿಸಿದ ದಿನ ಅಡುಗೆಮನೆಗೆ ಹಿಂತಿರುಗಿದಾಗ, ಅರ್ಧ ಬಸಿದ ಅನ್ನ ನೀರಿನಲ್ಲೇ ಕೂತು ಮುದ್ದೆಯಾಗಿತ್ತು. ಅವಳಿಗೆ ಅನ್ನ ಉದುರುದುರಾಗಿಯೇ ಇರಬೇಕು. ಮುದ್ದೆಯನ್ನು ನನಗೆಂದು ಮುಚ್ಚಿಟ್ಟು, ಡಬ್ಬದಿಂದ ಇನ್ನೊಂದು ಪಾವು ಅಕ್ಕಿ ತೆಗೆದು ತೊಳೆಯತೊಡಗಿದೆ.