ಟ್ರಿಗರ್ ಹಿಡಿದುಕೊಟ್ಟ ಹೆಸರು

ಕೊರೋನಾ ಮುಗಿದು ಕಾರ್ಖಾನೆಗಳು ಮತ್ತೆ ಮೂರು ಪಾಳಿಗೆ ಬಂದಿದ್ದ ವರ್ಷ. ಹೊಸೂರಿನಲ್ಲಿ ಲಾರಿಗಳ ಬ್ರೇಕ್ ಪಿನ್ ತಯಾರಿಸುವ ಕಂಪನಿಯೊಂದರಲ್ಲಿ ನಾನು ಸಿಸ್ಟಮ್ಸ್ ವಿಭಾಗದ ಮುಖ್ಯಸ್ಥ. ಮುಖ್ಯಸ್ಥ ಎಂಬುದು ದೊಡ್ಡ ಮಾತಾಯಿತು. ವಿಭಾಗದಲ್ಲಿ ಇದ್ದವನು ನಾನೊಬ್ಬನೇ. ಡೇಟಾಬೇಸಿನಿಂದ ಹಿಡಿದು ಕೆಟ್ಟ ಪ್ರಿಂಟರಿನವರೆಗೆ ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು.

ಪಿನ್ನುಗಳ ಗಡಸುತನ ಪರೀಕ್ಷಿಸಿ, ಒಟ್ಟಿಗೆ ತಯಾರಾದ ಪ್ರತಿ ಲಾಟಿನ ಫಲಿತಾಂಶವನ್ನು ಇನ್‌ಸ್ಪೆಕ್ಟರುಗಳು ಸಾಫ್ಟ್‌ವೇರಿಗೆ ಹಾಕುತ್ತಿದ್ದರು. ಹಾಕಿದ ಮೇಲೆ ಯಾರೋ ಅದನ್ನು ತಿದ್ದುತ್ತಿದ್ದಾರೆಂಬ ಗುಮಾನಿ ಇತ್ತು. ಅದಕ್ಕಾಗಿ ನಾನೊಂದು ಟ್ರಿಗರ್ ಬರೆದೆ. ಟ್ರಿಗರ್ ಎಂದರೆ ಡೇಟಾಬೇಸಿನೊಳಗೇ ಕೂತಿದ್ದು, ದಾಖಲೆಯ ಒಂದು ಸಾಲು ಬದಲಾದ ಕೂಡಲೇ ತಾನಾಗಿ ಓಡುವ ಸಣ್ಣ ಪ್ರೋಗ್ರಾಂ. ಮೊದಲು ಏನಿತ್ತು, ಈಗ ಏನಾಯಿತು, ಯಾವ ಲಾಗಿನ್, ಯಾವ ಕಂಪ್ಯೂಟರ್, ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಆಡಿಟ್ ಟೇಬಲ್ ಎಂಬ ಬೇರೊಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಇನ್ನು ಯಾರೂ ಬಾಲ ಬಿಚ್ಚುವ ಹಾಗಿಲ್ಲ ಎಂದು ಮೀಟಿಂಗಿನಲ್ಲಿ ಜಂಬ ಕೊಚ್ಚಿಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ಲಾಟ್ ಗಿರಾಕಿ ಕಂಪನಿಯಿಂದ ವಾಪಸ್ ಬಂತು. ಪಿನ್ನುಗಳು ಮೆತ್ತಗಿದ್ದವು. ಘಾಟಿ ಇಳಿಯುವ ಲಾರಿಗೆ ಅವನ್ನು ಜೋಡಿಸಿಬಿಟ್ಟಿದ್ದರೆ ಏನು ಗತಿ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ಆಡಿಟ್ ಟೇಬಲ್ ತೆಗೆದು ನೋಡಿದೆ. ಫೇಲ್ ಎಂದಿದ್ದುದನ್ನು ಸಂಜೆ ನಾಲ್ಕೂಕಾಲಿಗೆ ಪಾಸ್ ಎಂದು ತಿದ್ದಲಾಗಿತ್ತು. ಲಾಗಿನ್ ವರಲಕ್ಷ್ಮಿಯದು. ಕಳ್ಳ ಸಿಕ್ಕಿದ ಉಮೇದಿನಲ್ಲಿ ಲಾಟ್, ಹೊತ್ತು, ಹೆಸರು ಇಷ್ಟನ್ನೇ ಪ್ರಿಂಟ್ ತೆಗೆದು ಪ್ಲಾಂಟ್ ಮ್ಯಾನೇಜರರ ಮೇಜಿನ ಮೇಲಿಟ್ಟೆ.

ವರಲಕ್ಷ್ಮಿ ಗುಮ್ಮಳಾಪುರದವರು. ಒಂಬತ್ತು ವರ್ಷದಿಂದ ಇನ್‌ಸ್ಪೆಕ್ಟರ್. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಎಚ್‌ಆರ್‌ನವರು ಅವರ ರಾಜೀನಾಮೆ ಪತ್ರವನ್ನು ತಾವೇ ಟೈಪ್ ಮಾಡಿ ಇಟ್ಟಿದ್ದರು. ಸಹಿ ಹಾಕಿದರೆ ಮರ್ಯಾದೆಯಿಂದ ಹೋಗಬಹುದು, ಇಲ್ಲದಿದ್ದರೆ ಡಿಸ್ಮಿಸ್ ಎಂದು ಮ್ಯಾನೇಜರ್ ಅವರನ್ನು ತಮ್ಮ ಕೋಣೆಗೆ ಕರೆಸಿ ನನ್ನ ಮುಂದೆಯೇ ತಮಿಳಿನಲ್ಲಿ ಹೇಳಿದರು. ಅವರಿಗೆ ತಮಿಳಿನಲ್ಲೇ ತಾನು ತಿದ್ದಿಲ್ಲವೆಂದು ಉತ್ತರ ಕೊಟ್ಟ ವರಲಕ್ಷ್ಮಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು:

"ಆವತ್ತು ಮಗಳ ಸರ್ಟಿಫಿಕೇಟ್ ಕೆಲ್ಸಕ್ಕೆ ಮಧ್ಯಾಹ್ನನೇ ಪರ್ಮಿಷನ್ ತಗಂಡು ಕೃಷ್ಣಗಿರಿಗೆ ಹೋಗ್ಬುಟ್ಟಿದ್ದೆ ಸಾರ್. ಡಿಸ್ಪ್ಯಾಚ್‌ನೋರಿಗೆ ನನ್ ಪಾಸ್‌ವರ್ಡ್ ಕೊಡು ಅಂದೋರು ನೀವೇ ಅಲ್ವಾ?"

ನಿಜ, ನಾನೇ. ನಮ್ಮ ಸಾಫ್ಟ್‌ವೇರಿಗೆ ಇದ್ದದ್ದು ಕೆಲವೇ ಲೈಸೆನ್ಸುಗಳು. ಒಂದು ಲಾಗಿನ್ನಿಗೆ ಒಂದು. ಒಂದೇ ಲಾಗಿನ್ನನ್ನು ಎರಡು ಕಂಪ್ಯೂಟರಿನಲ್ಲಿ ತೆರೆದರೂ ಅದು ಒಂದೇ ಲೈಸೆನ್ಸ್ ಎಂದು ಲೆಕ್ಕಕ್ಕೆ ಬರುತ್ತಿತ್ತು. ಈ ಸಂದನ್ನು ಕಂಡುಹಿಡಿದು, ಇನ್‌ಸ್ಪೆಕ್ಷನ್ನಿನವರ ಲಾಗಿನ್ನನ್ನೇ ಮಾಲು ಕಳಿಸುವ ಡಿಸ್ಪ್ಯಾಚಿನವರೂ ಬಳಸಲಿ ಎಂದು ಉಪಾಯ ಹೇಳಿಕೊಟ್ಟು ಬೆನ್ನು ತಟ್ಟಿಸಿಕೊಂಡವನು ನಾನು. ಪಾಸ್‌ವರ್ಡನ್ನು ಡಿಸ್ಪ್ಯಾಚಿನವರು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿಕೊಂಡಿದ್ದರು.

ಗೇಟಿಗೆ ಹೋಗಿ ಸೆಕ್ಯೂರಿಟಿಯವರ ರಿಜಿಸ್ಟರ್ ತಿರುವಿದೆ. ವರಲಕ್ಷ್ಮಿ ಎರಡು ಗಂಟೆಗೆ ಹೊರಗೆ ಹೋಗಿದ್ದವರು ಆ ದಿನ ವಾಪಸ್ ಬಂದಿರಲಿಲ್ಲ. ಬಂದು ಆಡಿಟ್ ಟೇಬಲನ್ನು ಪೂರ್ತಿ ತೆರೆದೆ. ನಾನು ಪ್ರಿಂಟ್ ತೆಗೆಯದೇ ಬಿಟ್ಟಿದ್ದ ಕಂಪ್ಯೂಟರಿನ ಕಾಲಮ್ಮಿನಲ್ಲಿ ಡಿಸ್ಪ್ಯಾಚ್ ಆಫೀಸಿನ ಕಂಪ್ಯೂಟರ್ ಹೆಸರು ಸ್ಪಷ್ಟವಾಗಿ ಇತ್ತು. ಟ್ರಿಗರ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು, ಮಾಡದವನು ನಾನು.

ಅದನ್ನು ಮುಂದಿಟ್ಟಾಗ ಡಿಸ್ಪ್ಯಾಚ್ ಇನ್‌ಚಾರ್ಜ್ ಮೊದಲು ಹಾರಾಡಿದ. ಆಮೇಲೆ ಒಪ್ಪಿಕೊಂಡ. ಲಾರಿ ಲೋಡಾಗಿ ನಿಂತಿತ್ತಂತೆ, ಹೇಗಾದರೂ ಕಳಿಸು ಎಂದು ಮ್ಯಾನೇಜರೇ ಫೋನಿನಲ್ಲಿ ಹೇಳಿದ್ದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಇವರು ಕಣ್ಣೆದುರಿಗೇ ಮಾಡಿ ತೋರಿಸುತ್ತಿದ್ದರು. ಅಷ್ಟು ಸಾಲದೆಂಬಂತೆ, ಸಿಸ್ಟಮ್ ಸ್ಲೋ ಆಗುತ್ತಿದೆ, ಆ ಟ್ರಿಗರ್ ತೆಗೆದುಬಿಡಿ ಎಂದು ಮ್ಯಾನೇಜರ್ ಸಮಾಧಾನದ ದನಿಯಲ್ಲಿ ನನಗೆ ಹೇಳಿದರು. ನನಗೆ ಸಿಟ್ಟು ಬಂತು.

"ಬರೆದು ಸಹಿ ಹಾಕಿ ಕೊಡಿ ಸಾರ್, ಈಗಲೇ ತೆಗೀತೀನಿ" ಎಂದೆ.

ಅವರು ಬರೆದು ಕೊಡಲಿಲ್ಲ, ನಾನು ತೆಗೆಯಲಿಲ್ಲ. ಇನ್‌ಚಾರ್ಜನನ್ನು ಬೇರೆ ಯೂನಿಟ್ಟಿಗೆ ಹಾಕಿದರು. ಫೋನ್ ಮಾಡಿದ್ದ ಮ್ಯಾನೇಜರಿಗೆ ಏನೂ ಆಗಲಿಲ್ಲ. ರಾಜೀನಾಮೆ ಪತ್ರವನ್ನು ಹರಿದು ಹಾಕಿದರು. ಆದರೆ ವರಲಕ್ಷ್ಮಿಯ ಎದುರಿಗೆ ತಪ್ಪಾಯಿತು ಎನ್ನುವ ಬಾಯಿ ಆ ಕೋಣೆಯಲ್ಲಿ ಒಬ್ಬರಿಗೂ ಇರಲಿಲ್ಲ.

ಮಾರನೆಯ ದಿನ ನಾನೊಬ್ಬನೇ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಪಿನ್ನನ್ನು ಮೆಷಿನ್ನಿಗೆ ಇಟ್ಟು, ತಲೆಯೆತ್ತದೆ ಹೇಳಿದರು: "ಒಂಬತ್ತು ವರ್ಷ ದಿನಾ ನಿಮ್ಮ ರೂಮಿನ ಮುಂದೇನೇ ಓಡಾಡಿದೀನಿ ಸಾರ್. ಕಂಪ್ಯೂಟರ್‌ನ ಕೇಳಿದ್ರಿ, ನನ್ನ ಒಂದ್ ಮಾತು ಕೇಳ್ಲಿಲ್ಲ."

ನಾನು ಇವತ್ತಿಗೂ ಸಿಟ್ಟಾಗುವುದು ಆ ಮ್ಯಾನೇಜರ್ ಮೇಲಲ್ಲ, ನನ್ನ ಮೇಲೆ. ಟ್ರಿಗರ್ ಹೇಳುವುದು ಯಾವ ಲಾಗಿನ್ ಎಂದು ಮಾತ್ರ, ಯಾರ ಕೈ ಎಂದಲ್ಲ. ಆಮೇಲೆ ಯಾರ ಹೆಸರು ಬಂದರೂ ನಾನು ಮೊದಲು ಪ್ರಿಂಟ್ ಕೊಡಲು ಹೋಗಲಿಲ್ಲ. ಎದ್ದು ಹೋಗಿ ಅವರನ್ನೇ ಕೇಳಿದೆ.