ಹಲಗೆಯ ಹಿಂದಿನ ಸಹಿ

ಆ ಅಣ್ಣತಮ್ಮಂದಿರಿಗೆ ಕೆಲಸದವರೆಲ್ಲ ಸೇರಿ ಅಡ್ಡಹೆಸರಿಟ್ಟಿದ್ದೆವು. ಗೋಡೆಯ ಮೇಲೆ ಬಣ್ಣದಲ್ಲೇ ಅಮೃತಶಿಲೆಯ ಗೆರೆ ಎಬ್ಬಿಸುತ್ತಿದ್ದ ಅಣ್ಣ ಕೈಮೇಸ್ತ್ರಿ. ಅಣ್ಣ ಬಣ್ಣ ಎಳೆದುಕೊಟ್ಟ ಮಾದರಿ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ, ಮಾತಿನಲ್ಲೇ ಮಾಲೀಕರನ್ನು ಒಪ್ಪಿಸಿ ಬರುತ್ತಿದ್ದ ತಮ್ಮ ಬಾಯಿಮೇಸ್ತ್ರಿ. ಅವರಿಗಿಂತ ಮೊದಲು ಗೋಡೆಗೆ ಪುಟ್ಟಿ ಹಚ್ಚುತ್ತಿದ್ದವನು ನಾನು. ಗೋಡೆ ಚೆನ್ನಾಗಿ ಬಂದರೆ ನನ್ನ ನೆನಪು ಯಾರಿಗೂ ಆಗುತ್ತಿರಲಿಲ್ಲ, ಆ ಮಾತು ಬಿಡಿ.

ಅವರದೊಂದು ಪದ್ಧತಿಯಿತ್ತು. ಮಾಲೀಕರು ಒಪ್ಪಿದರೆ ಹಲಗೆಯ ಹಿಂದೆ ಸಹಿ ಹಾಕಬೇಕು. ಕೆಲಸ ಮುಗಿದ ದಿನ ಅದೇ ಹಲಗೆಯನ್ನು ಗೋಡೆಗೆ ಹಿಡಿದು ನೋಡುವುದು. ಹೊಂದದಿದ್ದರೆ ಗೋಡೆ ಕೆರೆದು, ಬಿಳಿ ಬಳಿದುಕೊಟ್ಟು ಬರುವುದು. ಹದಿನೆಂಟು ವರ್ಷದಲ್ಲಿ ಒಂದು ಗೋಡೆಯನ್ನೂ ಕೆರೆದದ್ದಿಲ್ಲ.

ಅಣ್ಣ ಏಣಿಯಿಂದ ಬಿದ್ದು ತೀರಿಕೊಂಡ. ಮೂರು ತಿಂಗಳ ಮೇಲೆ ತಮ್ಮ ಒಂದು ದೊಡ್ಡ ಮನೆಯ ಹಜಾರದ ಕೆಲಸ ಕೇಳಲು ಹೊರಟ. ಇದು ಕೈಗೂಡಿದರೆ ಕಸುಬು ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕುವುದೇ ಎಂದು ಅತ್ತಿಗೆಗೆ ಹೇಳಿದ್ದ. ಒಯ್ದದ್ದು ಮಾತ್ರ ಅಣ್ಣ ಮಾಡಿಟ್ಟಿದ್ದ ಕೊನೆಯ ಹಲಗೆ.

"ನೀನೇ ಒಂದು ಮಾಡ್ಕೊಂಡು ಹೋಗೋ" ಎಂದು ಬಡಕೊಂಡೆ.

"ಇಷ್ಟು ವರ್ಷ ಪಕ್ಕದಲ್ಲೇ ನಿಂತು ನೋಡಿದೀನಿ, ಬರಲ್ವಾ?" ಎಂದ. ಹುಂಬ!

ಮನೆಯಾಕೆ ಹಲಗೆಯ ಮೇಲೆ ಬೆರಳಾಡಿಸಿದರು. "ಇದೇ ಕೈ ಬೇಕು" ಎಂದು ಸಹಿ ಹಾಕಿದರು. ಇವನು ಹೂಂ ಎಂದು ತಲೆಯಾಡಿಸಿದ.

ಒಂಬತ್ತು ದಿನ ಗೆರೆ ಎಳೆದ. ಅಣ್ಣನ ಗೆರೆ ಕಲ್ಲಿನ ಒಳಗಿಂದ ಬಂದಂತಿರುತ್ತಿತ್ತು. ಇವನದು ಗೋಡೆ ಬಿರುಕು ಬಿಟ್ಟಂತೆ ಕಂಡಿತು. ಒರೆಸಿದ, ಮತ್ತೆ ಎಳೆದ. ನೋಡಲಾರದೆ ನಾನು ಹೊರಗೆ ಬಕೆಟ್ ತೊಳೆಯುತ್ತ ಕೂತೆ.

ಹತ್ತನೇ ದಿನ ಮನೆಯಾಕೆ ತಾವೇ ಹಲಗೆಯನ್ನು ಗೋಡೆಗೆ ಹಿಡಿದರು. ಬೈಯಲಿಲ್ಲ. ಬೈದಿದ್ದರೆ ಅವನು ಏನಾದರೂ ಹೇಳಿ ದಾಟಿಕೊಳ್ಳುತ್ತಿದ್ದ.

"ಇದನ್ನ ಮಾಡಿದ್ದು ಯಾರು?"

"ನಮ್ಮಣ್ಣ, ಅಮ್ಮಾ."

"ಹಾಗಾದ್ರೆ ಅವರನ್ನೇ ಕಳಿಸಿ."

ಬಾಯಿಮೇಸ್ತ್ರಿ ನನ್ನ ಕೈಯಿಂದ ಕೆರೆಯುವ ತಗಡು ಕಿತ್ತುಕೊಂಡು ಗೋಡೆಯನ್ನು ತಾನೇ ಕೆರೆದ, ಮೂಲೆಮೂಲೆಯನ್ನೂ ಬಿಡದೆ. ನನಗೆ ಅಳು ತಡೆಯಲಾಗಲಿಲ್ಲ.

ಅವನ ಮನೆಗೆ ಬಂದಾಗ ಬಾಗಿಲಲ್ಲಿ ಅತ್ತಿಗೆ ಕಾಯುತ್ತಿದ್ದರು. "ಒಪ್ಪಿದ್ರಾ?"

ಅವನು ಹಲಗೆ ತಿರುಗಿಸಿ, ಸಹಿ ಕಾಣುವಂತೆ ಅವರ ಕೈಗಿಟ್ಟ.

"ಅಣ್ಣನ್ನ ಒಪ್ಪಿದ್ರು, ಅತ್ತಿಗೆ."