ದುರಗವ್ವ ತೊಟ್ಟ ರಬ್ಬರ್ ಮುಖವಾಡ

ಅಕ್ಕಿಆಲೂರಿನ ಕರಬಸಪ್ಪನವರ ಅಕ್ಕಿ ಗಿರಣಿಯಲ್ಲಿ ದುರಗವ್ವನದು ಹೊಟ್ಟಿನ ಕೋಣೆಯ ಕೆಲಸ. ತಗಡಿನ ಕೊಳವೆಯಿಂದ ಭತ್ತದ ಹೊಟ್ಟು ಒಂದೇ ಸಮನೆ ಸುರಿಯುತ್ತಿತ್ತು. ಅದನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು ಹೊರಗೆ ಸಾಗಿಸಬೇಕು. ಹೊಟ್ಟು ಹಾರದಿರಲೆಂದು ಕಿಟಕಿಗಳು ಸದಾ ಮುಚ್ಚಿರುತ್ತಿದ್ದವು. ಹನ್ನೊಂದು ವರ್ಷ ಆ ದೂಳು ಕುಡಿದ ದುರಗವ್ವನ ಎದೆ ಸುಮ್ಮನೆ ಕುಳಿತಾಗಲೂ ಸುಯ್ಗುಡುತ್ತಿತ್ತು. ಸೆರಗನ್ನು ಎರಡು ಮಡಿಕೆ ಮಾಡಿ ಮೂಗಿಗೆ ಕಟ್ಟಿದರೂ ಕೆಮ್ಮು ಬಿಡುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ನಾಲ್ಕನೆಯ ವರ್ಷ. ಸುಗ್ಗಿಯ ಭತ್ತ ಬಂದು ಗಿರಣಿಗೆ ಬಿಡುವಿರಲಿಲ್ಲ. ಎಂಜಿನ್ ಮಿಸ್ತ್ರಿ ಮಜೀದ ಪುಣೆಗೆ ಹೋದವನು ಮರಳುವಾಗ ಗುಜರಿಯಲ್ಲಿ ಸಿಕ್ಕ ಮಿಲಿಟರಿ ಮುಖವಾಡವೊಂದನ್ನು ತಂದ. ಕರಿ ರಬ್ಬರಿನ ಮುಖ, ಗಾಜಿನ ಎರಡು ಕಣ್ಣು, ಬಾಯಿಯ ಜಾಗದಲ್ಲಿ ತಗಡಿನ ಡಬ್ಬಿ.

“ವಿಷದ ಗಾಳಿ ತಡಿಯೂ ಸಾಮಾನು ಇದು. ಹೊಟ್ಟಿನ ದೂಳು ಇದಕ್ಕ ಯಾವ ಲೆಕ್ಕ?” ಎಂದ.

ಅವಳ ಜೊತೆ ಅದೇ ಕೋಣೆಯಲ್ಲಿ ದುಡಿಯುವ ಸರೋಜವ್ವ ಎರಡು ಹೆಜ್ಜೆ ಹಿಂದೆ ಸರಿದಳು. “ದೆವ್ವದಂಗ ಕಾಣ್ತೈತಿ. ನಾ ಒಲ್ಲೆ.”

“ತಾ ಇಲ್ಲೆ. ನಾ ಹಾಕ್ಕೊಂತೇನಿ,” ಎಂದು ದುರಗವ್ವ ಕೈ ಚಾಚಿದಳು.

ಮೊದಲ ದಿನ ಅವಳಿಗೆ ಉಸಿರನ್ನು ಬಾವಿಯಿಂದ ಸೇದಿದಂತಾಯಿತು. ಬೆವರು ಗದ್ದದ ಬಳಿ ನಿಂತು ಉಪ್ಪುಪ್ಪಾಗಿ ತುಟಿಗೆ ಬಂತು. ಗಾಜಿಗೆ ಮಂಜು ಕವಿಯಿತು, ಪಟ್ಟಿ ಒತ್ತಿ ಕಿವಿಯ ಹಿಂದೆ ಚರ್ಮ ಸುಲಿಯಿತು. ದಿನಕ್ಕೆ ನಲವತ್ತು ಚೀಲ ತುಂಬುತ್ತಿದ್ದ ಕೋಣೆ ಅಂದು ಮೂವತ್ತೊಂದಕ್ಕೇ ನಿಂತಿತು. ಕರಬಸಪ್ಪನವರ ಮುಖ ಗಂಟಿಕ್ಕಿತು. ಆದರೆ ಸಂಜೆ ಬಾಯಿ ಮುಕ್ಕಳಿಸಿದಾಗ, ದಿನಾ ದೂಳಿನಿಂದ ಕಂದಾಗಿ ಬೀಳುತ್ತಿದ್ದ ನೀರು ತಿಳಿಯಾಗಿತ್ತು. ದುರಗವ್ವ ಮತ್ತೆ ಮುಕ್ಕಳಿಸಿ ನೋಡಿದಳು. ಆಗಲೂ ತಿಳಿಯೇ. ಆ ಖುಷಿಗೆ ಅವಳು ಮನೆಯವರೆಗೂ ಓಡುನಡಿಗೆಯಲ್ಲೇ ಹೋದಳು.

ಮೂರನೆಯ ದಿನ ಅನಾಹುತವೊಂದು ತಪ್ಪಿತು. ಕೋಣೆಯ ಬಾಗಿಲಲ್ಲೇ ಓಡುತ್ತಿದ್ದ ಎಂಜಿನ್ನಿನ ಬೆಲ್ಟು ಸರೋಜವ್ವನ ಸೆರಗನ್ನು ಕಚ್ಚಿ ಎಳೆಯಿತು. ದುರಗವ್ವ ಕಿರುಚಿದಳು, ಕೂಗು ರಬ್ಬರಿನೊಳಗೇ ಉಳಿಯಿತು. ಮಜೀದ ಎಂಜಿನ್ನಿನ ಕಡೆ ಬಗ್ಗಿದ್ದ. ಅವಳು ಸಲಿಕೆ ಎತ್ತಿ ತಗಡಿನ ಕೊಳವೆಗೆ ಬಾರಿಸಿದಳು, ಒಂದೇ ಉಸಿರಿಗೆ ಹತ್ತು ಏಟು. ಮಜೀದ ತಿರುಗಿ ನೋಡಿ ಬೆಲ್ಟನ್ನು ಗಾಲಿಯಿಂದ ಜಾರಿಸಿ ನಿಲ್ಲಿಸಿದ. ಸೀರೆ ಮೊಳದುದ್ದ ಹರಿದಿತ್ತು, ಸರೋಜವ್ವನಿಗೆ ಗಾಯವಾಗಿರಲಿಲ್ಲ.

“ಇನ್ನ ಆ ಮುಸುಡಿ ಬ್ಯಾಡ. ಕೆಲಸಾನೂ ಕಡಿಮಿ, ಜೀವಕ್ಕೂ ಕುತ್ತು,” ಎಂದರು ಕರಬಸಪ್ಪ.

ದುರಗವ್ವ ಎಂದೂ ಯಜಮಾನರಿಗೆ ಎದುರು ನಿಂತು ಮಾತಾಡಿದವಳಲ್ಲ. ಅಂದು ಮಾತಾಡಿದಳು. “ಬೆಲ್ಟಿಗೆ ಅಡ್ಡ ಹಲಗಿ ಇಲ್ರಿ, ಅದು ಮುಸುಡಿ ತಪ್ಪಲ್ರಿ. ನಾಕ ದಿನ ಕೊಡ್ರಿ. ನಾ ಹೇಳಿದಂಗ ಮಾಡಿ ನೋಡೂಣ. ಚೀಲ ಕಡಿಮಿ ಆದ್ರ ಈ ಮುಸುಡಿನ್ನ ನಾನ ಹೊರಗ ಒಗಿತೇನಿ.”

ಕರಬಸಪ್ಪ ಅವಳನ್ನೇ ದಿಟ್ಟಿಸಿ, “ಹೂಂ, ನೋಡೂಣು,” ಎಂದರು.

ಮಜೀದ ಬೆಲ್ಟಿಗೆ ಹಲಗೆ ಬಡಿದ. ಕೊಳವೆಗೆ ಒಂದು ಏಟು ಅಂದರೆ ಸರದಿ ಬದಲು, ಮೂರು ಏಟು ಅಂದರೆ ಎಂಜಿನ್ ನಿಲ್ಲಿಸು ಎಂದು ಗೊತ್ತುಮಾಡಿಕೊಂಡರು. ಹತ್ತು ಚೀಲ ತುಂಬಿದವಳು ಹೊರಗೆ ಬೇವಿನ ನೆರಳಿಗೆ; ಮುಖವಾಡ ಒರೆಸಿಕೊಂಡು ಇನ್ನೊಬ್ಬಳು ಒಳಗೆ. ಸರೋಜವ್ವನೂ ಈಗ ಹಿಂಜರಿಯಲಿಲ್ಲ. ಗಾಜಿನ ಒಳಮೈಗೆ ತೆಳ್ಳಗೆ ಸಾಬೂನು ಸವರಿದರೆ ಮಂಜು ಕೂರುವುದಿಲ್ಲವೆಂಬುದನ್ನೂ, ಪಟ್ಟಿಯ ಕೆಳಗೆ ಹತ್ತಿ ಇಟ್ಟರೆ ಕಿವಿ ಉರಿಯುವುದಿಲ್ಲವೆಂಬುದನ್ನೂ ದುರಗವ್ವನೇ ಕಂಡುಕೊಂಡಳು. ಡಬ್ಬಿಯ ಬಾಯಿಗೆ ಮಲ್‌ಮಲ್ ಬಟ್ಟೆ ಕಟ್ಟಿ, ಅದನ್ನು ದಿನಾ ಒಗೆದು ಮತ್ತೆ ಕಟ್ಟಿದಳು. ಡಬ್ಬಿಯಲ್ಲಿ ದೂಳು ಕಟ್ಟದೆ ಉಸಿರು ಹಗುರಾಯಿತು.

ನಾಲ್ಕನೆಯ ಸಂಜೆ ಕರಬಸಪ್ಪನವರೇ ಚೀಲ ಎಣಿಸಿದರು. ನಂಬದೆ ಇನ್ನೊಮ್ಮೆ ಎಣಿಸಿದರು. ನಲವತ್ತಾರು.

“ಹೆಂಗ ಆತವಾ ಇದು?”

“ಮದ್ಲ ಕೆಮ್ಮಾಕನ ಅರ್ಧ ಹೊತ್ತು ಹೋಗ್ತಿತ್ರಿ,” ಎಂದಳು ದುರಗವ್ವ.

ಮರುವಾರವೇ ಅವರು ಮಜೀದನಿಗೆ ಹೇಳಿ ಇನ್ನೂ ಎರಡು ಮುಖವಾಡ ತರಿಸಿದರು. ದುರಗವ್ವನ ಎದೆಯ ಸುಯ್ಲು ಪೂರ್ತಿ ಹೋಗಲಿಲ್ಲ, ಆದರೆ ಕೊಡ ಹೊತ್ತು ಕೆರೆಯ ಏರಿ ಹತ್ತುವಾಗ ಅವಳು ನಡುವೆ ನಿಲ್ಲುವುದು ತಪ್ಪಿತು.

ಸುದ್ದಿ ಹಿರೇಕೆರೂರಿಗೆ ಮುಟ್ಟಿತು. ಅಲ್ಲಿ ಹತ್ತಿ ಹಿಂಜುವ ಹೆಂಗಸರಿಗೂ ಇದೇ ದೂಳಿನ ಪಾಡು. ಅಲ್ಲಿಯ ಹತ್ತಿ ಗಿರಣಿಯಲ್ಲಿ ಆಳುಗಳ ಮೇಲ್ವಿಚಾರಣೆ ನೋಡುವ ಮುಕಾದಮ ನಾಗಪ್ಪ ಅವಳನ್ನು ಕರೆಸಿದ. ಪೆಟ್ರೋಲ್ ಸಿಗದ ಆ ಕಾಲದಲ್ಲಿ ಇದ್ದಿಲು ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ, ತೊಡೆಯ ಮೇಲೆ ಮುಖವಾಡದ ಗಂಟು ಇಟ್ಟುಕೊಂಡು, ದುರಗವ್ವ ಜೀವನದ ಮೊದಲ ಬಸ್ಸು ಪ್ರಯಾಣ ಮಾಡಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸಿದಳು.

ಅಲ್ಲಿ ಹದಿನೈದು ಹೆಂಗಸರು ಸುತ್ತ ಕುಳಿತಿದ್ದರು. ಮುದಕವ್ವ ಎಂಬವಳು ಕೇಳಿದಳು, “ಹಾಕ್ಕೊಂಡ್ರ ತ್ರಾಸ ಆಕ್ಕೈತೇನ?”

“ಆಕ್ಕೈತಿ. ಸುಳ್ಳ ಯಾಕ ಹೇಳ್ಲಿ? ಸೆಕಿ ಆಕ್ಕೈತಿ, ಉಸಿರು ಬಿಗಿತೈತಿ. ಅದಕ್ಕ ಸರದಿ ಕೇಳ್ರಿ, ನೆಳ್ಳು ಕೇಳ್ರಿ. ಅವೆರಡೂ ಸಿಕ್ರ ಇದು ನಿಮ್ಮ ಎದಿ ಕಾಯತೈತಿ.” ನಾಗಪ್ಪನ ಕಡೆ ನೋಡಿಯೇ ಹೇಳಿದಳು. ಆತ ಒಪ್ಪಿ ತಲೆಯಾಡಿಸಿದ.

ಮುದಕವ್ವ ಮುಂದೆ ಬಂದು ಕುಳಿತಳು. ದುರಗವ್ವ ಅವಳ ಮುಂಗೂದಲನ್ನು ಹಿಂದಕ್ಕೆ ಸರಿಸಿ, ಪಟ್ಟಿಯ ಕೆಳಗೆ ಹತ್ತಿ ಇಟ್ಟು, ಎರಡೂ ಕೈಗಳಿಂದ ಮುಖವಾಡ ತೊಡಿಸಿದಳು.